ಕೆರೆ ಅಂಚಿನ ಮನೆ: ಜೆಸಿಬಿ ಕರೆಸುವ ಮೊದಲು ಗುಂಡಿಯ ಮುಚ್ಚಳ ತೆಗೆಸಿ

ಓದುಗರ ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನವನು. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ 2016ರಲ್ಲಿ ಅಪ್ಪನ ಜಮೀನಿನಲ್ಲಿ ಮನೆ ಕಟ್ಟಿದೆ. ಒಂದೂಕಾಲು ಎಕರೆ. ಮನೆ ಹಿಂದೆ ಇಳಿಜಾರು, ಅದರ ಕೆಳಗೆ ಕೆರೆ. ಆಗ ಕೆರೆಯಲ್ಲಿ ಹನಿ ನೀರಿರಲಿಲ್ಲ, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಬೇಸಿಗೆಯಲ್ಲೂ ತುಂಬಿರುತ್ತದೆ. ಮೊದಲ ಎರಡು ವರ್ಷ ತುಂಬಾ ಖುಷಿಪಟ್ಟೆವು. ಈಗ ನೀರು ಹಸಿರು ಬಣ್ಣಕ್ಕೆ ತಿರುಗಿದೆ. ಮಾರ್ಚ್ ಬಂತೆಂದರೆ ವಾಸನೆ. ನಮ್ಮ ಅಂಚಿನ ತುಂಬ ಅಂತರಗಂಗೆ ಗಿಡ. ಹೋದ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ನೂರಾರು ಮೀನು ಸತ್ತು ತೇಲಿದವು. ಪ್ರತಿ ಮಳೆಗೂ ಅಂಚಿನ ಮಣ್ಣು ಕುಸಿಯುತ್ತದೆ. ಸೊಳ್ಳೆಯಂತೂ ಕೇಳಬೇಡಿ.

ಹಿತ್ತಲಲ್ಲಿ ಹುಲ್ಲುಹಾಸು, ಹತ್ತು ಮಾವಿನ ಮರ, ಎರಡು ಸೀಮೆಹಸು ಇವೆ. ಪಕ್ಕದವರದ್ದು ಟೊಮೆಟೊ ತೋಟ. ಅಳಿಯಂದಿರು ಜೆಸಿಬಿ ತರಿಸಿ ಅಂಚು ಕ್ಲೀನ್ ಮಾಡಿಸಿ, ಕಲ್ಲಿನ ಗೋಡೆ ಕಟ್ಟಿಸೋಣ ಅನ್ನುತ್ತಾರೆ. ಇನ್ನೊಬ್ಬರು ಕಳೆನಾಶಕ ಹೊಡೆಸಿ, ಸೊಳ್ಳೆಗೆ ಗಾಂಬೂಸಿಯಾ ಮೀನು ಬಿಡಿ ಅಂದರು. ನೀರಿನಲ್ಲಿ ಮುಳುಗಿ ಒಣಗಿ ನಿಂತ ಎರಡು ಜಾಲಿ ಮರ ನೋಡಲು ಅಸಹ್ಯ, ಅವನ್ನೂ ಕಡಿಸುವ ಯೋಚನೆ ಇದೆ. ನನ್ನ ಹೆಂಡತಿಗೆ ಮಾತ್ರ ಹಕ್ಕಿಗಳು ಬರಬೇಕೆಂಬ ಆಸೆ. ಜೊಂಡು ಬೆಳೆದರೆ ಹಾವು ಬರುತ್ತದೆ ಎಂಬ ಹೆದರಿಕೆಯೂ ಇದೆ. ಇದಕ್ಕೆಲ್ಲ ಕೆ.ಸಿ. ವ್ಯಾಲಿ ನೀರೇ ಕಾರಣವೇ? ನಮ್ಮ ಬೋರ್‌ವೆಲ್ ನೀರು ಕುಡಿಯಬಹುದೇ? ಅಂದ ಹಾಗೆ, ಮನೆಯ ಸೇಫ್ಟಿ ಟ್ಯಾಂಕ್ ಮೊದಲು ಎಂದೂ ತುಂಬುತ್ತಿರಲಿಲ್ಲ. ಈಗ ವರ್ಷಕ್ಕೆರಡು ಸಲ ಖಾಲಿ ಮಾಡಿಸುತ್ತಿದ್ದೇವೆ. ಅದು ಬೇರೆ ವಿಷಯ ಬಿಡಿ.

ಉತ್ತರ:

ಆ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ ಸರ್, ಯಾಕೆಂದರೆ ಅದು ಬೇರೆ ವಿಷಯ ಅಲ್ಲವೇ ಅಲ್ಲ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ ಸಾಲು ಅದೇ.

'ಸೇಫ್ಟಿ ಟ್ಯಾಂಕ್' ಅಂತ ಬರೆದಿದ್ದೀರಿ. ನಮ್ಮ ಕಡೆ ಸೆಪ್ಟಿಕ್ ಟ್ಯಾಂಕಿಗೆ ಎಲ್ಲರೂ ಹಾಗೇ ಅನ್ನುವುದು. ಆದರೆ ಹಳ್ಳಿಗಳಲ್ಲಿ ಮುಚ್ಚಳ ತೆಗೆಸಿ ನೋಡಿದಾಗ ಹತ್ತರಲ್ಲಿ ಎಂಟು ಕಡೆ ಅಲ್ಲಿ ಸೇಫ್ಟಿಯೂ ಇರುವುದಿಲ್ಲ, ಟ್ಯಾಂಕೂ ಇರುವುದಿಲ್ಲ. ಹದಿನೈದಡಿ ಗುಂಡಿ ತೋಡಿ ಸಿಮೆಂಟ್ ರಿಂಗ್ ಇಳಿಸಿರುತ್ತಾರೆ, ತಳ ಮಣ್ಣು. ನಿಮ್ಮದೂ ಹಾಗೇ ಇರಬೇಕೆಂದು ನನ್ನ ಊಹೆ. 2016ರಲ್ಲಿ ಆ ಗುಂಡಿ ಚೆನ್ನಾಗಿಯೇ ಕೆಲಸ ಮಾಡಿತು. ಕೆರೆ ಒಣಗಿತ್ತು, ಮೇಲ್ಪದರದ ಮಣ್ಣೂ ಒಣಗಿತ್ತು. ಬಂದದ್ದೆಲ್ಲ ಇಂಗಿ ಹೋಯಿತು. ಈಗ ಕೆರೆ ವರ್ಷವಿಡೀ ತುಂಬಿದೆ. ಪಕ್ಕದ ನೆಲದಲ್ಲಿ ನೀರು ಮೇಲೆ ಬಂದಿದೆ. ನಿಮ್ಮ ಗುಂಡಿಯ ತಳ ಆ ನೀರಿನೊಳಗೆ ನಿಂತಿದೆ. ಇಂಗಲು ಜಾಗವೇ ಇಲ್ಲ. ಸಾಲದ್ದಕ್ಕೆ ಹೊರಗಿನ ನೀರೇ ಗುಂಡಿಗೆ ಒಸರುತ್ತದೆ. ವರ್ಷಕ್ಕೆರಡು ಸಲ ತುಂಬುವುದು ಅದಕ್ಕೇ.

ನೀರು ಒಳಗೆ ಬರುವ ದಾರಿಯಲ್ಲೇ ಹೊರಗೂ ಹೋಗುತ್ತದೆ, ಅಲ್ವಾ? ಇಳಿಜಾರಿನಲ್ಲಿ ಅದು ಹೋಗುವುದು ಎತ್ತ ಎಂದು ನಾನು ಹೇಳಬೇಕಾಗಿಲ್ಲ.

ಕೆರೆ ತುಂಬಿದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಕೆರೆ ಒಣಗಿದ್ದ ಕಾಲದ ಲೆಕ್ಕದಲ್ಲಿ ಕಟ್ಟಿದ ಮನೆಗಳು ಇವು.

ಕೆ.ಸಿ. ವ್ಯಾಲಿ ನೀರಿನ ಪಾಲು ಎಷ್ಟು

ಪಾಲು ಇದೆ. ಇಲ್ಲವೆಂದರೆ ಸುಳ್ಳಾಗುತ್ತದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಪಂಪ್ ಮಾಡುವ ಯೋಜನೆ ಇದು. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ನೊರೆ ಕಾಣಿಸಿಕೊಂಡು ಗಲಾಟೆ ಆಯಿತು, ವಿಷಯ ಕೋರ್ಟಿಗೂ ಹೋಯಿತು. ಅಲ್ಲಿಂದ ಕೆರೆಯಿಂದ ಕೆರೆಗೆ ಕೋಡಿ ಹರಿದು, ಅಲ್ಲಲ್ಲಿ ಪಂಪ್ ಆಗಿ ನೀರು ಮುಂದೆ ಹೋಗುತ್ತದೆ. ಉದ್ದೇಶ ಅಂತರ್ಜಲ ಮರುಪೂರಣ. ಕೆರೆಯಿಂದ ನೇರವಾಗಿ ಕುಡಿಯಲು ಕೊಟ್ಟ ನೀರಲ್ಲ ಅದು.

ಎರಡನೇ ಹಂತದ ಶುದ್ಧೀಕರಣ ಅಂದರೆ, ಕೊಳೆಯುವ ಕಸವನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿ, ತೇಲುವ ಕಣಗಳನ್ನು ತಳಕ್ಕೆ ಕೂರಿಸಿ ತೆಗೆಯುವುದು. ನೀರು ನೋಡಲು ತಿಳಿಯಾಗುತ್ತದೆ. ಆದರೆ ಅದರಲ್ಲಿ ಕರಗಿರುವ ಸಾರಜನಕ ಮತ್ತು ರಂಜಕ ಬಹುಪಾಲು ಹಾಗೇ ಉಳಿಯುತ್ತವೆ. ಹೊಲದ ಭಾಷೆಯಲ್ಲಿ ಯೂರಿಯಾ ಮತ್ತು ಡಿಎಪಿಯಲ್ಲಿ ಇರುವುದು ಅವೇ. ಪಾಚಿಗೂ ಅಂತರಗಂಗೆಗೂ ಅದು ಹಬ್ಬದೂಟ.

ಇದಕ್ಕಿಂತ ಕಡಿಮೆ ಚರ್ಚೆಯಾಗುವ ಇನ್ನೊಂದು ಸಂಗತಿ ಇದೆ. ನಮ್ಮ ಕೆರೆಗಳು ವರ್ಷವಿಡೀ ತುಂಬಿರಲೆಂದು ಕಟ್ಟಿದವಲ್ಲ. ಬೇಸಿಗೆಯಲ್ಲಿ ಅಂಗಳ ಒಣಗುತ್ತಿತ್ತು. ಬಿಸಿಲಿಗೆ ಬಿರುಕು ಬಿಡುತ್ತಿತ್ತು. ರೈತರು ಗಾಡಿಯಲ್ಲಿ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಡೆದುಕೊಂಡು ಹೋಗಿ ಹೊಲಕ್ಕೆ ಹಾಕುತ್ತಿದ್ದರು. ಅಂದರೆ ಕೆರೆಗೆ ಸೇರಿದ ಗೊಬ್ಬರ ವರ್ಷಕ್ಕೊಮ್ಮೆ ವಾಪಸ್ ಹೊಲಕ್ಕೆ ಹೋಗುತ್ತಿತ್ತು. ಈಗ ಅಂಗಳ ಒಣಗುವುದೇ ಇಲ್ಲ. ಬಂದ ರಂಜಕ ಹೂಳಿನಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ತಳದ ನೀರಿನಲ್ಲಿ ಆಮ್ಲಜನಕ ಮುಗಿದಾಗ ಅದೇ ರಂಜಕ ಹೂಳಿನಿಂದ ಬಿಟ್ಟುಕೊಂಡು ಮತ್ತೆ ಮೇಲೆ ಬರುತ್ತದೆ. ಮಾರ್ಚಿನ ಹಸಿರು, ಮಾರ್ಚಿನ ವಾಸನೆ ಎರಡೂ ಇಲ್ಲಿಂದಲೇ.

ಹಾಗಾದರೆ ನಾನೇನು ಮಾಡಲಿ, ಕೆರೆಯೇ ಹಾಗಿದೆ ಅಂತ ನಿಮಗನಿಸಬಹುದು. ಇಡೀ ಕೆರೆಯ ಬಣ್ಣ ಬದಲಿಸಲು ನಿಮ್ಮಿಂದ ಆಗುವುದಿಲ್ಲ, ನಿಜ. ಆದರೆ ನಿಮ್ಮ ಅಂಚಿನ ವಾಸನೆ, ಕುಸಿತ, ಸೊಳ್ಳೆ, ನಿಮ್ಮ ಕುಡಿಯುವ ನೀರು ಇವೆಲ್ಲ ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇವೆ. ಒಂದು ಲೆಕ್ಕ ಹಾಕಿ. ಒಂದು ಸೀಮೆಹಸು ದಿನಕ್ಕೆ ಹದಿನೈದು ಕಿಲೋ ಸಗಣಿ ಹಾಕುತ್ತದೆ ಅಂತಿಟ್ಟುಕೊಂಡರೂ, ಎರಡು ಹಸುವಿಗೆ ವರ್ಷಕ್ಕೆ ಹನ್ನೊಂದು ಟನ್ ಆಯಿತು. ನಿಮ್ಮ ತಿಪ್ಪೆ ಎಲ್ಲಿದೆ ಅಂತ ನೀವು ಬರೆದಿಲ್ಲ. ಕೊಟ್ಟಿಗೆಯಿಂದ ಕೆರೆ ಕಡೆಗೆ ಇದ್ದರೆ, ಮುಂಗಾರಿನ ಮೊದಲ ಮಳೆಗೇ ಅದರ ಕಪ್ಪು ನೀರು ನೇರ ಕೆರೆಗೆ ಇಳಿಯುತ್ತದೆ. ಒಂದು ಕಿಲೋ ರಂಜಕ ನೀರಿಗೆ ಸೇರಿದರೆ ನೂರಾರು ಕಿಲೋ ಪಾಚಿ ಬೆಳೆಯುತ್ತದೆ. ಪಕ್ಕದ ಟೊಮೆಟೊ ತೋಟದ ಗೊಬ್ಬರದ ನೀರೂ ನಿಮ್ಮ ಜಮೀನಿನ ಮೇಲೆ ಹಾಯುತ್ತಿದ್ದರೆ ಅದನ್ನೂ ಸೇರಿಸಿಕೊಳ್ಳಿ.

ಮೀನು ಸತ್ತದ್ದು

ಯಾರೋ ವಿಷ ಹಾಕಿದರು ಅಂತ ಊರಲ್ಲಿ ಮಾತಾಗಿರುತ್ತದೆ. ಆಗೊಮ್ಮೆ ಈಗೊಮ್ಮೆ ಅದೂ ನಡೆಯುತ್ತದೆ. ಆದರೆ ಬೆಳಗಿನ ಜಾವ, ಮೋಡ ಕವಿದ ಎರಡು ಮೂರು ದಿನದ ನಂತರ ಸತ್ತಿದ್ದರೆ ಕಾರಣ ಸಾಮಾನ್ಯವಾಗಿ ಉಸಿರುಗಟ್ಟುವಿಕೆ. ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ತಾನೇ ಅದನ್ನು ಎಳೆದುಕೊಳ್ಳುತ್ತದೆ. ಪಾಚಿ ಜಾಸ್ತಿ ಇದ್ದಷ್ಟೂ ರಾತ್ರಿ ಖರ್ಚು ಜಾಸ್ತಿ. ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಆಮ್ಲಜನಕ ತೀರಾ ತಳ ಮುಟ್ಟಿರುತ್ತದೆ. ಮೋಡ ಇದ್ದರೆ ಹಗಲಿನ ಸಂಪಾದನೆಯೂ ಇಲ್ಲ.

ಮುಂದಿನ ಸಲ ಅಂಥ ವಾತಾವರಣ ಇದ್ದಾಗ ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಅಂಚಿಗೆ ಹೋಗಿ ನೋಡಿ. ಮೀನುಗಳು ಮೇಲೆ ಬಂದು, ಬಾಯಿ ನೀರಿನ ಹೊರಗಿಟ್ಟು ಗುಟುಕರಿಸುತ್ತಿರುತ್ತವೆ. ಸಣ್ಣ ಚಟ್ ಚಟ್ ಸದ್ದು ಕೇಳುತ್ತದೆ. ಒಮ್ಮೆ ಕೇಳಿದರೆ ಮತ್ತೆ ಮರೆಯುವುದಿಲ್ಲ. ಹಾಗೆ ಕಂಡರೆ ಮೀನು ಗುತ್ತಿಗೆ ಹಿಡಿದವರಿಗೆ ಕೂಡಲೇ ಹೇಳಿ. ಸತ್ತ ಮೀನನ್ನು ಯಾರೂ ತಿನ್ನದಂತೆ, ಮಾರದಂತೆ ನೋಡಿಕೊಳ್ಳಿ. ನೀರಿನಿಂದ ದೂರ ಹೂಳಿಸಿ.

ನಿಮಗೆ ಬಂದ ಸಲಹೆಗಳ ಬಗ್ಗೆ

ಕಳೆನಾಶಕ ಬೇಡವೇ ಬೇಡ. ಅಂತರಗಂಗೆ ಸಾಯುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ನೀರಲ್ಲೇ ಕೊಳೆಯುತ್ತದೆ. ಕೊಳೆಯಲು ಮತ್ತೆ ಆಮ್ಲಜನಕ ಬೇಕು, ಆಮೇಲೆ ಹೀರಿದ್ದ ಗೊಬ್ಬರವನ್ನೆಲ್ಲ ವಾಪಸ್ ನೀರಿಗೇ ಬಿಡುತ್ತದೆ. ಕಪ್ಪೆ ಮರಿಗಳಿಗೂ ಅದು ಆಗಿಬರುವುದಿಲ್ಲ. ಪಾಚಿಗೆ ಮೈಲುತುತ್ತು ಹಾಕುವುದೂ ಇದೇ ಜಾತಿಯ ಉಪಾಯ.

ಡಬ್ಬಿಯಲ್ಲಿ ಬರುವ 'ಕೆರೆ ಶುದ್ಧ ಮಾಡುವ' ದ್ರಾವಣಗಳನ್ನು ಯಾರಾದರೂ ಹೇಳದೆ ಬಿಟ್ಟಿರಲಾರರು. ವಾಸನೆ ಕೆಲವು ದಿನ ಕಡಿಮೆ ಆಗಬಹುದು. ಆದರೆ ರಂಜಕ ಆವಿಯಾಗಿ ಹೋಗುವ ವಸ್ತು ಅಲ್ಲ. ಯಾವ ಬ್ಯಾಕ್ಟೀರಿಯಾ ಬಿಟ್ಟರೂ ಅದು ಕೆರೆಯಲ್ಲೇ ಇರುತ್ತದೆ. ದುಡ್ಡು ಸುಮ್ನೆ ನೀರಿಗೆ ಹಾಕಿದ ಹಾಗೆ.

ಅಂತರಗಂಗೆ ವಿಷಯ ಸ್ವಲ್ಪ ಬೇರೆ. ಕೋಲಾರದವರಿಗೆ ಅಂತರಗಂಗೆ ಅಂದರೆ ಮೊದಲು ನೆನಪಾಗುವುದು ಬೆಟ್ಟ, ಬಸವನ ಬಾಯಿಂದ ಬೀಳುವ ನೀರು. ಅಂಥ ಹೆಸರು ಈ ನೇರಳೆ ಹೂವಿನ ಕಳೆಗೂ ಅಂಟಿಕೊಂಡಿರುವುದು ವಿಚಿತ್ರ. ದಕ್ಷಿಣ ಅಮೆರಿಕದಿಂದ ಬಂದ ಗಿಡ ಅದು. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಎರಡರಷ್ಟಾಗುತ್ತದೆ. ಇದನ್ನು ತಿನ್ನುವ ಮೂತಿಹುಳುಗಳನ್ನು 1980ರ ದಶಕದಲ್ಲೇ ಹೊರದೇಶದಿಂದ ತರಿಸಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟಿದ್ದರು. ಎಲೆಯ ಮೇಲೆ ಸಣ್ಣ ಸಣ್ಣ ಚೌಕಾಕಾರದ ಕೆರೆತ ಕಂಡರೆ ಅವುಗಳದೇ ಕೆಲಸ. ಆದರೆ ಗೊಬ್ಬರ ಇಷ್ಟಿರುವ ನೀರಿನಲ್ಲಿ ಹುಳು ತಿನ್ನುವುದಕ್ಕಿಂತ ಗಿಡ ಬೆಳೆಯುವುದೇ ಬೇಗ.

'ಅದು ಕೊಳೆ ಹೀರುತ್ತದೆ, ಇರಲಿ ಬಿಡಿ' ಎನ್ನುವುದು ಅರ್ಧ ಸತ್ಯ. ಹೀರುತ್ತದೆ. ಕಿತ್ತು ಹೊರಗೆ ಹಾಕಿದರೆ ಮಾತ್ರ ಲಾಭ. ಆದ್ದರಿಂದ ಕೈಯಿಂದಲೇ ಎಳೆಸಿ. ನಿಮ್ಮ ಅಂಚಿಗೆ ಅಡ್ಡಲಾಗಿ ಬಿದಿರು ಕಟ್ಟಿ ತೇಲಿಬಿಟ್ಟರೆ ಗಾಳಿಗೆ ಮತ್ತೆ ಬಂದು ಸೇರುವುದು ಕಡಿಮೆಯಾಗುತ್ತದೆ. ಕಿತ್ತದ್ದನ್ನು ಅಂಚಿನಲ್ಲೇ ರಾಶಿ ಹಾಕಬೇಡಿ. ಮೇಲೆ ತಂದು ಎರಡು ದಿನ ಬಾಡಿಸಿ, ಸಗಣಿ ಜೊತೆ ಸೇರಿಸಿ ಕೊಳೆಸಿ. ಆ ಗೊಬ್ಬರ ಮಾವಿಗೆ, ಹೊಂಗೆಗೆ ಸಾಕು, ಸೊಪ್ಪು ತರಕಾರಿಗೆ ಬೇಡ. ಹಸುವಿಗೂ ಆ ಗಿಡ ತಿನ್ನಿಸಬೇಡಿ. ಕೊಳಚೆ ನೀರಿನಲ್ಲಿ ಬೆಳೆದದ್ದು ಭಾರ ಲೋಹಗಳನ್ನೂ ಹೀರಿಕೊಂಡಿರಬಹುದು.

ಗಾಂಬೂಸಿಯಾ. ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುತ್ತಾರೆ, ಅಲ್ಲಿ ಸರಿ. ಕೆರೆಗೆ ಬಿಟ್ಟರೆ ಅದು ಸೊಳ್ಳೆ ಮರಿಯ ಜೊತೆಗೆ ನಮ್ಮ ಊರ ಮೀನಿನ ಮೊಟ್ಟೆ, ಕಪ್ಪೆ ಮರಿ ಎಲ್ಲವನ್ನೂ ತಿನ್ನುತ್ತದೆ. ಸೊಳ್ಳೆ ತಿನ್ನುವ ಕಪ್ಪೆಯನ್ನೇ ಕಳೆದುಕೊಂಡ ಹಾಗಾಯಿತು. ಅದೂ ಅಲ್ಲದೆ, ನಿಮ್ಮ ಸೊಳ್ಳೆ ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಡೆಂಗಿ ತರುವ ಹಗಲು ಸೊಳ್ಳೆ ಕೆರೆಯಲ್ಲಿ ಹುಟ್ಟುವುದಿಲ್ಲ. ಅದಕ್ಕೆ ನಿಮ್ಮ ಡ್ರಮ್ಮು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ ಬೇಕು. ರಾತ್ರಿ ಕಿವಿಯ ಹತ್ತಿರ ಹಾಡುವ ಸೊಳ್ಳೆಗೆ ಕೊಳಕು ನೀರು ಇಷ್ಟ, ಅಂದರೆ ನಿಮ್ಮ ಗುಂಡಿ, ನಿಮ್ಮ ಬಚ್ಚಲ ಮೋರಿ. ಗುಂಡಿಯ ಗಾಳಿ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ ನೋಡಿ, ಇಪ್ಪತ್ತು ರೂಪಾಯಿ ಕೆಲಸ. ಇನ್ನು ಮ್ಯಾನ್ಸೋನಿಯಾ ಎಂಬ ಜಾತಿಯ ಮರಿಗಳು ಅಂತರಗಂಗೆಯ ಬೇರಿಗೇ ಕೊಳವೆ ಚುಚ್ಚಿಕೊಂಡು ಉಸಿರಾಡುತ್ತವೆ. ಗಿಡ ತೆಗೆದರೆ ಅವೂ ಹೋದವು. ಗಾಳಿಯಾಡುವ, ಮೀನಿರುವ ತೆರೆದ ನೀರಿನಲ್ಲಿ ಸೊಳ್ಳೆ ಬೆಳೆಯುವುದು ಕಡಿಮೆಯೇ.

ಕಲ್ಲಿನ ಗೋಡೆ ಕಟ್ಟಬೇಕೋ, ಹಸಿರು ಅಂಚು ಬೆಳೆಸಬೇಕೋ

ಅಳಿಯಂದಿರ ಮಾತಿಗೆ ಬರೋಣ. ಅವರ ಕಾಳಜಿ ಅರ್ಥವಾಗುತ್ತದೆ. ಅಂಚು ಕುಸಿಯುವುದನ್ನು ನೋಡುತ್ತಾ ಕೂರಲಾಗುವುದಿಲ್ಲ. ಆದರೆ ನೇರವಾಗಿ ಎದ್ದ ಗೋಡೆಗೆ ಅಲೆ ಬಡಿದು ವಾಪಸ್ ಹೋಗುವಾಗ ಗೋಡೆಯ ಬುಡದ ಮಣ್ಣನ್ನೇ ಕೊರೆಯುತ್ತದೆ. ನಾನು ನೋಡಿದ ಒಂದು ತೋಟದ ಮನೆಯಲ್ಲಿ ನಾಲ್ಕನೇ ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಟ್ಟುಕೊಂಡು ಕೆರೆ ಕಡೆ ವಾಲಿತ್ತು. ಎರಡು ತುದಿಯಲ್ಲೂ, ಗೋಡೆ ಮುಗಿಯುವ ಕಡೆ, ಕುಸಿತ ಮೊದಲಿಗಿಂತ ಜೋರಾಗಿತ್ತು. ಕಪ್ಪೆಗೂ ಆಮೆಗೂ ಹತ್ತಲು ಜಾಗವಿಲ್ಲ. ಮೇಲಿನಿಂದ ಇಳಿಯುವ ಕೊಳೆ ನೀರನ್ನು ಸೋಸಲು ಏನೂ ಇಲ್ಲ.

ಇನ್ನೊಂದು ತೊಡಕು ಕಾನೂನಿನದು. ಕೆರೆ ಅಂಗಳ ನಿಮ್ಮದಲ್ಲ, ನೀರು ಎಷ್ಟೇ ಹಿಂದೆ ಸರಿದರೂ ನಿಮ್ಮದಾಗುವುದಿಲ್ಲ. ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆ ಬಂದಾಗ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದು ಎಂದಿತ್ತು. ಈ ಅಂತರದ ನಿಯಮಕ್ಕೆ ತಿದ್ದುಪಡಿಯ ಮಾತು ನಡೆಯುತ್ತಲೇ ಇರುತ್ತದೆ, ಹಾಗಾಗಿ ಇಂದಿನ ಸ್ಥಿತಿಯನ್ನು ಕಚೇರಿಯಲ್ಲೇ ಕೇಳಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹಾಯುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಯ ಕೆಳಗೆ ಬರುತ್ತದೆ, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಮೊದಲು ಸರ್ವೆ ಮಾಡಿಸಿ ಗಡಿ ಕಲ್ಲು ಎಲ್ಲಿದೆ ನೋಡಿಸಿ. ಮನೆಯೇ ಆ ಅಂತರದೊಳಗೆ ಬರುತ್ತದೋ ಏನೋ ಅನ್ನುವ ಕಸಿವಿಸಿ ನಿಮಗಿರಬಹುದು. ಇದ್ದರೂ ಮೊದಲೇ ತಿಳಿದಿರುವುದು ಒಳ್ಳೆಯದು. ಜೆಸಿಬಿ ಇಳಿಸಿದ ಮೇಲೆ ತಿಳಿದರೆ ಕಷ್ಟ.

ನಾನು ಹೇಳುವ ದಾರಿ ಬೇರೆ. ಹುಲ್ಲುಹಾಸಿನಲ್ಲಿ ಕೆರೆ ಕಡೆಯ ಮೂವತ್ತಡಿ ಬಿಟ್ಟುಕೊಡಿ. ಹುಲ್ಲುಹಾಸಿನ ಬೇರು ಒಂದು ಗೇಣು ಕೂಡ ಇಳಿಯುವುದಿಲ್ಲ, ಅದಕ್ಕೆ ಗೊಬ್ಬರ ಬೇರೆ ಹಾಕಬೇಕು. ಆ ಮೂವತ್ತಡಿಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಲಾವಂಚ ಮೂರು ಸಾಲು, ಗೇಣಿಗೊಂದು ಬುಡ. ಒಂದೆರಡು ವರ್ಷದಲ್ಲಿ ಅದರ ಬೇರು ಆರೇಳು ಅಡಿ ಇಳಿದು ಮಣ್ಣು ಹಿಡಿಯುತ್ತದೆ. ಸಾಲುಗಳ ನಡುವೆ ಗರಿಕೆ ತಾನಾಗಿ ಬರಲಿ. ಮೇಲಿನ ಭಾಗಕ್ಕೆ ಲಕ್ಕಿ, ಹೊಂಗೆ, ನೇರಳೆ, ಒಂದೆರಡು ಹೊಳೆಮತ್ತಿ. ನೀಲಗಿರಿ ಬೇಡ. ಹೊಸದಾಗಿ ನೆಡುವುದನ್ನು 2017ರಲ್ಲಿ ಸರ್ಕಾರವೇ ನಿಷೇಧಿಸಿದೆ.

ನೀರಿನ ಗೆರೆಯ ಹತ್ತಿರ ನೆಡುವುದು ಸೂಕ್ಷ್ಮದ ಕೆಲಸ. ನಮ್ಮ ಕೆರೆಯ ನೀರು ಒಂದು ಕಡೆ ನಿಲ್ಲುವುದಿಲ್ಲ, ಪಂಪ್ ನಿಂತರೆ ನಾಲ್ಕಡಿ ಹಿಂದೆ ಹೋಗುತ್ತದೆ. ಅದಕ್ಕೆ ಮುಳುಗಿದರೂ, ಒಣಗಿದರೂ ತಡೆಯುವಂಥವು ಬೇಕು. ಬಜೆ, ಕಾಡು ಕೆಸವು, ಆಪು ಹುಲ್ಲು ಸಾಕು. ಜೊಂಡು ನೀವು ನೆಡಬೇಡಿ. ಅದು ಗಾಳಿಯಲ್ಲಿ ತಾನಾಗಿ ಬರುತ್ತದೆ, ಬಂದ ಮೇಲೆ ಹೋಗು ಅಂದರೂ ಹೋಗುವುದಿಲ್ಲ. ಮೊದಮೊದಲು ನಾನೇ ಒಂದು ಕೆರೆಯಲ್ಲಿ ಉತ್ಸಾಹದಿಂದ ನೆಡಿಸಿ, ಮೂರು ವರ್ಷದ ನಂತರ ಅದನ್ನೇ ಕಡಿಸಲು ಆಳು ಹುಡುಕಿದ್ದೇನೆ. ಬಂದಿದ್ದನ್ನು ಅಲ್ಲಲ್ಲಿ ಗುಂಪಾಗಿ ಬಿಡಿ, ಅರ್ಧ ಭಾಗ ಪ್ರತಿ ವರ್ಷ ಕತ್ತರಿಸಿ ಹೊರಗೆ ಹಾಕಿ.

ನೆಡುವ ಸಮಯ ಜುಲೈ, ಆಗಸ್ಟ್. ಕೋಲಾರಕ್ಕೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಷ್ಟರೊಳಗೆ ಬೇರು ಹಿಡಿದಿರಬೇಕು. ಮೊದಲ ವರ್ಷ ಹಸು ನುಗ್ಗದಂತೆ ಬೇಲಿ. ಹಸುಗಳಿಗೆ ನೀರು ಮೇಲೆಯೇ ತೊಟ್ಟಿಯಲ್ಲಿ ಕೊಡಿ. ಕೆರೆಗೆ ಇಳಿಯಲೇಬೇಕಿದ್ದರೆ ಒಂದೇ ಕಡೆ ಕಲ್ಲು ಹಾಸಿದ ದಾರಿ ಇರಲಿ. ಈ ದಾರಿಗೂ ಅದರದೇ ಅಪಾಯ ಇದೆ: ನೆಟ್ಟ ವರ್ಷವೇ ದೊಡ್ಡ ಮಳೆ ಬಂದರೆ ಕಾಲು ಭಾಗ ಕೊಚ್ಚಿ ಹೋಗುತ್ತದೆ, ಮತ್ತೆ ನೆಡಬೇಕು. ಎರಡು ವರ್ಷ ನೋಡಲೂ ಅಷ್ಟು ಚೆನ್ನಾಗಿರುವುದಿಲ್ಲ. ಕುಸಿತ ನಾಲ್ಕಡಿಗಿಂತ ಎತ್ತರ ಇದ್ದು ಮನೆಗೆ ಹತ್ತಿರ ಇದ್ದರೆ ಗಿಡ ಮಾತ್ರ ಸಾಲದು. ಆಗ ಅನುಮತಿ ಪಡೆದು, ಬುಡಕ್ಕೆ ಕಾಡುಗಲ್ಲನ್ನು ಗಾರೆ ಇಲ್ಲದೆ ಇಳಿಜಾರಾಗಿ ಜೋಡಿಸಿ, ಸಂದಿಯಲ್ಲಿ ಗಿಡ ನೆಡಬಹುದು.

ಟೊಮೆಟೊ ತೋಟದ ಕಡೆ ಒಂದು ಮಣ್ಣಿನ ಬದು, ಅದರ ತುದಿಗೆ ಸಣ್ಣ ಕುಂಟೆ. ನೀರು ಅಲ್ಲಿ ನಿಂತು, ಮಣ್ಣು ಕೂತು, ಆಮೇಲೆ ಮುಂದೆ ಹೋಗಲಿ. ಪಕ್ಕದವರ ಜೊತೆ ಜಗಳಕ್ಕೆ ಹೋಗಬೇಡಿ. ತಿಪ್ಪೆಯನ್ನು ಮನೆಯ ಮುಂಭಾಗಕ್ಕೆ ಸಾಗಿಸಿ, ಸುತ್ತ ಎರಡಡಿ ಕಟ್ಟೆ, ಮೇಲೆ ತಗಡಿನ ಸೂರು. ಇಷ್ಟು ಆದರೆ ಅರ್ಧ ಕೆಲಸ ಆದಂತೆ.

ಮತ್ತೆ ಗುಂಡಿಗೆ

ಅಂಚಿನಲ್ಲಿ ಏನೇ ಬೆಳೆಸಿದರೂ ಗುಂಡಿ ಹಾಗೇ ಇದ್ದರೆ ಪ್ರಯೋಜನವಿಲ್ಲ. ಸರಿಯಾದ ವ್ಯವಸ್ಥೆ ಅಂದರೆ ತಳಕ್ಕೂ ಗೋಡೆಗೂ ಗಾರೆ ಮಾಡಿದ, ಎರಡು ಕೋಣೆಯ ಟ್ಯಾಂಕ್. ಅದರಿಂದ ಹೊರಬರುವ ನೀರು ಇಂಗುಗುಂಡಿಗೆ. ಇಂಗುಗುಂಡಿಯ ತಳಕ್ಕೂ ಕೆಳಗಿನ ಅಂತರ್ಜಲಕ್ಕೂ ನಡುವೆ ಕನಿಷ್ಠ ಆರಡಿ ಒಣ ಮಣ್ಣು ಇರಬೇಕು. ಕುಡಿಯುವ ನೀರಿನ ಬೋರ್ ಅಥವಾ ಬಾವಿಯಿಂದ ಕನಿಷ್ಠ 18 ಮೀಟರ್ ದೂರ. ಕೆರೆ ಕಡೆ ಆ ಆರಡಿ ನಿಮಗೆ ಸಿಗುವುದಿಲ್ಲ. ಮನೆಯ ಮುಂದೆ, ರಸ್ತೆ ಕಡೆ ಎತ್ತರದಲ್ಲಿ ಸಿಗಬಹುದು. ಪೈಪಿನ ಇಳಿಜಾರು ಸಾಲದಿದ್ದರೆ ಸಣ್ಣ ಪಂಪ್ ಬೇಕಾಗುತ್ತದೆ. ಖರ್ಚು ಇದೆ, ಕರೆಂಟ್ ಹೋದಾಗ ತಾಪತ್ರಯವೂ ಇದೆ.

ಅಲ್ಲೂ ಆಗದಿದ್ದರೆ, ಟ್ಯಾಂಕಿನ ನೀರನ್ನು ಜಲ್ಲಿ ಹಾಸಿನ ಮೂಲಕ ಹಾಯಿಸುವುದು. ಎರಡಡಿ ಆಳದ ಉದ್ದನೆಯ ತೊಟ್ಟಿ, ತಳಕ್ಕೆ ಗಾರೆ, ತುಂಬ ಜಲ್ಲಿ, ಅದರಲ್ಲಿ ಕಾಬಾಳೆ ಗಿಡ. ನೀರು ಜಲ್ಲಿಯ ಒಳಗೇ ಹರಿಯಬೇಕು, ಮೇಲೆ ನಿಲ್ಲಬಾರದು. ಹೊರಬಂದ ನೀರು ಬಾಳೆಗೆ, ತೆಂಗಿಗೆ. ಎಷ್ಟು ಉದ್ದ ಬೇಕೆಂಬುದು ಮನೆಯಲ್ಲಿ ಎಷ್ಟು ಜನ ಎಂಬುದರ ಮೇಲೆ ಹೋಗುತ್ತದೆ, ಇದನ್ನು ಮಾಡಿ ಅನುಭವವಿರುವ ಎಂಜಿನಿಯರನ್ನು ಕೇಳಿ ಮಾಡಿಸಿ. ಅಡುಗೆಮನೆಯ ಜಿಡ್ಡು ನೇರ ಹೋದರೆ ಜಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮೊದಲು ಒಂದು ಜಿಡ್ಡು ತಡೆಯುವ ಸಣ್ಣ ತೊಟ್ಟಿ ಇರಲಿ, ತಿಂಗಳಿಗೊಮ್ಮೆ ತೆಗೆಯಬೇಕು.

ಇನ್ನೊಂದು ಮಾತು ದಯವಿಟ್ಟು ನೆನಪಿಡಿ. ಗುಂಡಿಯನ್ನು ಪರೀಕ್ಷಿಸಲು, ಸ್ವಚ್ಛ ಮಾಡಲು ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ಗಾಳಿ ಎರಡು ನಿಮಿಷದಲ್ಲಿ ಕೊಲ್ಲುತ್ತದೆ. ಕಾನೂನಿನಲ್ಲೂ ಅಪರಾಧ. ಮುಚ್ಚಳ ತೆಗೆದು, ದೂರ ನಿಂತು, ಉದ್ದ ಗಳ ಇಳಿಸಿ ಆಳ ನೋಡಿದರೆ ಸಾಕು. ಮಷಿನ್‌ನಲ್ಲಿ ಖಾಲಿ ಮಾಡಿಸಿದ ಮರುದಿನ ಮತ್ತೆ ನೋಡಿ. ರಾತ್ರಿ ಕಳೆಯುವುದರೊಳಗೆ ಎರಡಡಿ ನೀರು ಬಂದಿದ್ದರೆ ನನ್ನ ಊಹೆ ಸರಿ. ಖಾಲಿ ಮಾಡುವ ಗಾಡಿಯವನನ್ನು ಎಲ್ಲಿ ಸುರಿಯುತ್ತೀಯಪ್ಪ ಅಂತಲೂ ಕೇಳಿ. ಮೇಲಿನ ರಾಜಕಾಲುವೆಗೆ ಸುರಿದರೆ ವಾರದೊಳಗೆ ಅದು ನಿಮ್ಮ ಹಿತ್ತಲಿಗೇ ಬಂದಿರುತ್ತದೆ.

ಬೋರ್‌ವೆಲ್ ನೀರು

ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಬೋರ್ ಒಂಬೈನೂರು ಅಡಿ ಆಳ ಇದೆ, ಮೇಲಿನ ಕೊಳೆ ಹೇಗೆ ಸೇರುತ್ತದೆ ಅಂತ ಜನ ಕೇಳುತ್ತಾರೆ. ಕೇಸಿಂಗ್ ಪೈಪ್ ಇರುವುದು ಗಟ್ಟಿ ಬಂಡೆಯವರೆಗೆ ಮಾತ್ರ. ಪೈಪಿನ ಪಕ್ಕ ಸರಿಯಾಗಿ ಮುಚ್ಚಿರದಿದ್ದರೆ ಮೇಲಿನ ನೀರು ಅದರ ಗುಂಟ ಕೆಳಗಿಳಿಯುತ್ತದೆ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ ಜಿಲ್ಲಾ ಕೇಂದ್ರದಲ್ಲಿದೆ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ನೀರಿಗೆ ಮಲದ ಕೊಳೆ ಸೇರಿದೆ ಎಂದು ತೋರಿಸುವ ಇ-ಕೋಲೈ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿಯಲ್ಲಿ ಹಿಡಿದು, ಐಸ್ ಡಬ್ಬಿಯಲ್ಲಿಟ್ಟು ಅಂದೇ ತಲುಪಿಸಿ.

ಕುದಿಸಿದರೆ ರೋಗಾಣು ಸಾಯುತ್ತದೆ. ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ. ಫ್ಲೋರೈಡ್ ಬಂದರೆ ಕೆ.ಸಿ. ವ್ಯಾಲಿಯನ್ನು ಬೈಯಬೇಡಿ, ಅದು ನಮ್ಮ ನೆಲದ ಬಂಡೆಯಿಂದಲೇ ಬರುವುದು, ಮೊದಲಿನಿಂದಲೂ ಇದೆ. ನೈಟ್ರೇಟ್ ಮತ್ತು ಇ-ಕೋಲೈ ಎರಡೂ ಜಾಸ್ತಿ ಬಂದರೆ ಗುಂಡಿ, ತಿಪ್ಪೆ ಕಡೆ ನೋಡಿ. ಕುಡಿಯಲು, ಅಡುಗೆಗೆ ತಾರಸಿಯ ಮಳೆ ನೀರು ಹಿಡಿಯುವುದು ನಿಮಗೆ ಸುಲಭದ ದಾರಿ. ಕೋಲಾರದ ಮಳೆ ವರ್ಷಕ್ಕೆ ಹೆಚ್ಚುಕಡಿಮೆ 740 ಮಿಲಿಮೀಟರ್. ನೂರು ಚದರ ಮೀಟರ್ ತಾರಸಿ ಇದ್ದರೆ, ಪೋಲಾಗುವುದನ್ನು ಕಳೆದರೂ 55 ಸಾವಿರ ಲೀಟರ್ ಸಿಗುತ್ತದೆ. ಇಬ್ಬರಿಗೆ ಕುಡಿಯಲು, ಅಡುಗೆಗೆ ಅದರಲ್ಲಿ ಕಾಲು ಭಾಗ ಸಾಕು. ಸೋಸಿ, ಕುದಿಸಿ ಬಳಸಿ.

ಹಾವಿನ ವಿಷಯ ನಿಮ್ಮ ಮನೆಯವರಿಗೆ ಹೇಳಿ. ಜೊಂಡಿನಲ್ಲಿ ಕಾಣುವುದು ಬಹುತೇಕ ನೀರುಹಾವು. ಕಚ್ಚುತ್ತದೆ, ವಿಷ ಇಲ್ಲ. ನಾಗರಹಾವು, ಕೊಳಕುಮಂಡಲ ಬರುವುದು ಇಲಿಗೆ. ಇಲಿ ಇರುವುದು ಹಿಂಡಿ ಮೂಟೆ ಇಟ್ಟ ಕೋಣೆಯಲ್ಲಿ, ಸೌದೆ ರಾಶಿಯಲ್ಲಿ. ಅಂಚಿಗೆ ಹೋಗಲು ನಾಲ್ಕಡಿ ಅಗಲದ ಒಂದು ದಾರಿ ಮಾತ್ರ ಯಾವಾಗಲೂ ಹುಲ್ಲು ಕೊಯ್ದು ಇಟ್ಟುಕೊಳ್ಳಿ, ರಾತ್ರಿ ಟಾರ್ಚ್ ಇಲ್ಲದೆ ಹೋಗಬೇಡಿ.

ಹಕ್ಕಿ ಬರುತ್ತವೆಯೇ ಅಂತ ಕೇಳಿದ್ದಾರೆ. ಆಪು, ಜೊಂಡು ಗುಂಪಾಗಿ ನಿಂತರೆ ನಾಮದಕೋಳಿ, ಗುಳುಮುಳುಕ ಮೊದಲು ಬರುತ್ತವೆ, ಅವು ಗೂಡು ಕಟ್ಟುವುದೇ ಅಲ್ಲಿ. ಅಂಚು ಇಳಿಜಾರಾಗಿ, ಕೆಸರಾಗಿ ಇದ್ದರೆ ಬೆಳ್ಳಕ್ಕಿ ನಿಲ್ಲುತ್ತದೆ. ಇನ್ನು ಆ ಒಣಗಿದ ಎರಡು ಜಾಲಿ ಮರ. ಅಂಗಳ ಒಣಗಿದ್ದ ವರ್ಷಗಳಲ್ಲಿ ಬೆಳೆದು, ನೀರು ಬಂದಾಗ ಮುಳುಗಿ ಸತ್ತವು ಅವು. ನೀರುಕಾಗೆಗೆ ಮೀನು ಹಿಡಿದಾದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳಲು ನೀರಿನ ನಡುವೆ ಅಂಥದ್ದೇ ಬೋಳು ಕೊಂಬೆ ಬೇಕು. ಮಿಂಚುಳ್ಳಿಗೂ ಅಲ್ಲಿಂದಲೇ ಹಾರುವುದು ಇಷ್ಟ. ಬುಡದ ಸುತ್ತ ಮೀನು ಮರಿಗಳಿಗೆ ಅಡಗುತಾಣ. ಕೆರೆ ಅಂಗಳದ ಮರವಾದ್ದರಿಂದ ಕಡಿಯುವ ಹಕ್ಕೂ ನಮಗಿಲ್ಲ. ಕೊಡಲಿ ಹಿಡಿದು ಬಂದವರಿಗೆ ಒಂದು ಲೋಟ ಟೀ ಕೊಟ್ಟು, ಕೆಲಸ ಬೇಕಿದ್ದರೆ ಅಂತರಗಂಗೆ ಎಳೆಯಲು ಹಚ್ಚಿ.